ಪಕ್ಕದ ಸೀಟಿನ ಹೊಲಿಗೆ

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಆದರೆ ಆ ರಜೆಯಲ್ಲಿ ಸೋಫಾ ರಿಪೇರಿಯವನ ಹೊಟ್ಟೆಯಲ್ಲಿ ಹತ್ತಿಕೊಂಡದ್ದು ಬರೀ ಕಿಚ್ಚಲ್ಲ, ಇಟ್ಟಿಗೆ ಗೂಡು. ಅವನನ್ನು ಎತ್ತಿ ಸಮುದ್ರಕ್ಕೆ ಹಾಕಿದ್ದರೆ ನೀರು ಕುದಿದು, ಮೀನೆಲ್ಲ ಬೆಂದು, ದಡದ ಜನ ಒಂದು ತಿಂಗಳು ಒಲೆ ಹಚ್ಚುತ್ತಿರಲಿಲ್ಲ. ಇಷ್ಟಕ್ಕೂ ಆದದ್ದೇನು? ಒಂದು ಕಾರಿನ ಕಿಟಕಿಯ ಗಾಜು ಕೆಳಗಿಳಿಯಿತು.

ಆ ಗಾಜು ಕೆಳಗಿಳಿಯದೆ ಎಷ್ಟು ಕಾಲವಾಗಿತ್ತೆಂದರೆ, ಅದರ ಸಂದಿಯಲ್ಲಿ ಸಿಕ್ಕಿಕೊಂಡ ನೊಣಕ್ಕೆ ಅಲ್ಲೇ ಮದುವೆಯಾಗಿ ಮೊಮ್ಮಕ್ಕಳಾಗಿದ್ದವು. ಹೆಂಡತಿ ಕೇಳಿದಾಗಲೆಲ್ಲ ಅವನು, "ಈ ಭಾನುವಾರ ಮಾಡೇ ಮಾಡ್ತೀನಿ ಕಣೇ" ಅನ್ನುತ್ತಿದ್ದ. ಭಾನುವಾರಗಳು ಸಾಲುಗಟ್ಟಿ ಬಂದವು, ಬಂದಷ್ಟೇ ಮರ್ಯಾದೆಯಿಂದ ಹೋದವು. ಹಾಗಂತ ಅವನನ್ನು ಕೈಲಾಗದವನು ಅಂದುಕೊಳ್ಳಬೇಡಿ. ಅವನ ಕೈ ಅಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು, ಅಥವಾ ಸರಿಯಾಗಿ ಹೇಳಬೇಕೆಂದರೆ, ಕೂತುಬಿಡುತ್ತಿತ್ತು. ಅವನು ಹೊಲಿದ ಸೋಫಾದ ಮೇಲೆ ಕೂತ ನೆಂಟರು ಏಳಲು ಮನಸ್ಸಾಗದೆ, ಕೊನೆಗೆ ಮನೆಯವರೇ ಮನೆ ಬಿಟ್ಟುಹೋದ ಉದಾಹರಣೆಗಳಿವೆ. ಕೆಲಸವೆಲ್ಲ ಗಿರಾಕಿಗಳಿಗೆ, ಭರವಸೆಯೆಲ್ಲ ಹೆಂಡತಿಗೆ. ಇದು ಅವನ ಲೆಕ್ಕಾಚಾರ.

ಹೆಂಡತಿ ಶಾಲೆಯ ವ್ಯಾನ್ ಓಡಿಸುವವಳು. ಮಕ್ಕಳು ಅವಳನ್ನು ವ್ಯಾನಮ್ಮ ಅನ್ನುತ್ತಿದ್ದರು, ಮಕ್ಕಳನ್ನು ನೋಡಿ ಅವರ ಅಪ್ಪ ಅಮ್ಮಂದಿರೂ, ಅವರನ್ನು ನೋಡಿ ಟ್ರಾಫಿಕ್ ಪೊಲೀಸರೂ. ವ್ಯಾನಮ್ಮ ಒಮ್ಮೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರೆ ಸಾಕು, ಒಳಗಿನ ಮಕ್ಕಳಿರಲಿ, ಹಿಂದೆ ಬರುತ್ತಿದ್ದ ಲಾರಿಯ ಕ್ಲೀನರೂ ಕೈಕಟ್ಟಿ ಕೂರುತ್ತಿದ್ದ. ಶಾಲೆಗೆ ರಜೆ ಬಂದಾಗ ಅವಳೇ ಹೊರಡಿಸಿದ್ದು: ಕಡಲ ದಂಡೆಯ ಗುಂಟ ಮೂರು ದೊಡ್ಡ ನಡಿಗೆಗಳು. ಒಂದೊಂದೂ ಹಲವು ದಿನಗಳದು, ಬೆನ್ನ ಮೇಲೆ ಮನೆ ಹೊತ್ತುಕೊಂಡು ಬಂಡೆಯಿಂದ ಬಂಡೆಗೆ. ಒಂದು ನಡಿಗೆಗೂ ಇನ್ನೊಂದಕ್ಕೂ ನಡುವೆ ಕಾರಿನಲ್ಲಿ ಪ್ರಯಾಣ. ಯಾವುದಾದರೂ ಊರಿನ ಲಾಡ್ಜಿನಲ್ಲಿ ಕಾಲು ಚಾಚಿ ವಿಶ್ರಾಂತಿ.

ತೊಡಕು ಇದ್ದದ್ದು ಕಾರಿನದು. ಈ ತುದಿಯಲ್ಲಿ ಕಾರು ಬಿಟ್ಟು ಆ ತುದಿಗೆ ನಡೆದರೆ ಕಾರಿಗಾಗಿ ಮತ್ತೆ ಈ ತುದಿಗೆ ಬರಬೇಕು. ಆ ಕಡೆ ಬಸ್ಸಿಲ್ಲ. ಬಸ್ಸಿದ್ದಿದ್ದರೆ ಈ ಕಥೆಯೂ ಇಲ್ಲ. ಮೊದಲ ಲಾಡ್ಜಿನ ಊಟದ ಕೋಣೆಯಲ್ಲಿ ಇವರಿಬ್ಬರೂ ಇದೇ ಯೋಚನೆಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದಾಗ, ಪಕ್ಕದ ಮೇಜಿನಲ್ಲೂ ಒಂದು ಜೋಡಿ ಅದೇ ತಾಳಕ್ಕೆ ತಲೆ ಕೆರೆದುಕೊಳ್ಳುತ್ತಿತ್ತು. ಹೆಂಡತಿ ದೊಡ್ಡಾಸ್ಪತ್ರೆಯ ನರ್ಸಮ್ಮ. ಅವಳ ದನಿ ಕೇಳಿದರೆ ಜ್ವರ ತಾನಾಗಿಯೇ ಇಳಿಯುತ್ತಿತ್ತು. ಗಂಡ ಕನ್ನಡಕದ ಅಂಗಡಿಯವನು. ಎತ್ತರ ಎಂಥದ್ದೆಂದರೆ, ಬೆಳಗಿನ ಬಿಸಿಲು ಅವನ ನೆತ್ತಿಗೆ ತಾಗಿ ಪಾದಕ್ಕಿಳಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಸೋಫಾದವನು ಕಂಡ ಕ್ಷಣವೇ ಮನಸ್ಸಿನಲ್ಲಿ ಅವನಿಗೆ 'ಏಣಿ' ಅಂತ ಹೆಸರಿಟ್ಟ.

ಉಪಾಯ ಹೇಳಿದವಳು ನರ್ಸಮ್ಮ. "ನೋಡಿ, ನೀವು ನಿಮ್ಮ ಕಾರನ್ನ ಈ ತುದೀಲಿ ಬಿಟ್ಟು ನಡೀರಿ. ನಾವು ನಮ್ಮ ಕಾರನ್ನ ಆ ತುದೀಲಿ ಬಿಟ್ಟು ಈ ಕಡೆ ನಡೀತೀವಿ. ಮಧ್ಯದಲ್ಲಿ ಸಿಕ್ಕೇ ಸಿಗ್ತೀವಲ್ಲ, ಅಲ್ಲಿ ಕಾರಿನ ಕೀ ಬದಲಾಯಿಸ್ಕೊಳ್ಳೋಣ. ನೀವು ನಮ್ಮ ಕಾರಲ್ಲಿ ಬನ್ನಿ, ನಾವು ನಿಮ್ಮ ಕಾರಲ್ಲಿ. ಮುಂದಿನ ಊರಿನ ಲಾಡ್ಜಲ್ಲಿ ನಮ್ಮದು ನಮಗೆ, ನಿಮ್ಮದು ನಿಮಗೆ. ಏನಂತೀರಾ?"

"ಅಕ್ಕಾ, ನೀವು ಮಂತ್ರಿಯಾಗಬೇಕಿತ್ತು" ಅಂದಳು ವ್ಯಾನಮ್ಮ.

ಏಣಿ ತಟ್ಟೆ ನೋಡಿಕೊಂಡು ಬ್ರೆಡ್ ಮುರಿಯುತ್ತಿದ್ದ. ಕೀ ಕೊಡುವ ತೆಗೆದುಕೊಳ್ಳುವ ಜವಾಬ್ದಾರಿ ತನ್ನದು ಎಂದು ಸೋಫಾದವನು ಎದೆ ತಟ್ಟಿ ಹೇಳಿ, ಕೀಗೆ ಮೇಣದ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡ. ಯುದ್ಧದಲ್ಲಿ ಗೆದ್ದ ಪದಕವೂ ಅಷ್ಟು ಹೊಳೆದಿರಲಿಕ್ಕಿಲ್ಲ.

ಮೊದಲ ನಡಿಗೆ ಚೆನ್ನಾಗಿಯೇ ಆಯಿತು. ಮಧ್ಯದಲ್ಲಿ, ದಾರಿಹೋಕರು ತಂಗುವ ಒಂದು ಕಲ್ಲಿನ ಗುಡಿಸಲ ಮುಂದೆ, ಎರಡು ಜೋಡಿ ಎದುರುಬದುರಾಗಿ, ಕೀ ಬದಲಾಗಿ, ಕೈ ಬೀಸಿ ಹೊರಟವು. ಮುಂದಿನ ಊರಿನ ಲಾಡ್ಜಿಗೆ ಸೋಫಾದವನೂ ವ್ಯಾನಮ್ಮನೂ ಮೊದಲು ಬಂದು, ಬಕೆಟ್ಟಿನಲ್ಲಿ ಬಿಸಿನೀರು ಉಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು. ಸೋಫಾದವನ ಕಾಲಿನ ಬೊಬ್ಬೆ ಒಂದೊಂದೂ ಮೊಸರಿನ ಕುಡಿಕೆಯಷ್ಟಿತ್ತು. ಅಷ್ಟರಲ್ಲಿ ಇವರ ಕಾರು ಅಂಗಳಕ್ಕೆ ಬಂತು. ಏಣಿ ಮಡಿಚಿಕೊಂಡಿದ್ದವನು ಬಿಚ್ಚಿಕೊಂಡು ಇಳಿದ. ಕೀ ಕೈಗಿಟ್ಟು, ನೆಲ ನೋಡುತ್ತ, "ಎಲ್ಲಾ ಸರಿಯಾಗಿದೆ ಸಾರ್, ಎಲ್ಲಾ ಸರಿಯಾಗಿದೆ" ಅಂದವನೇ ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ ಮೆಟ್ಟಿಲು ಹತ್ತಿ ಮಾಯವಾದ.

"ನೋಡ್ದೆಯಾ ಗರ್ವ?" ಅಂದ ಸೋಫಾದವನು. "ಎರಡು ಮಾತಾಡಿದ್ರೆ ಮುತ್ತು ಉದುರಿ ಹೋಗತ್ತೆ."

ವ್ಯಾನಮ್ಮ ಒದ್ದೆ ಕಾಲಲ್ಲೇ ಹೋಗಿ ತನ್ನ ಸೀಟಿನಲ್ಲಿ ಕೂತು, ಯಾವ ಆಸೆಯೂ ಇಲ್ಲದೆ, ಬರೀ ಅಭ್ಯಾಸಬಲದಿಂದ, ಕಿಟಕಿಯ ಗುಂಡಿ ಒತ್ತಿದಳು. ಗಾಜು ಸರ್ರನೆ ಇಳಿಯಿತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ.

"ರೀ!" ಆ ಕೂಗಿಗೆ ಲಾಡ್ಜಿನ ಮಾಡಿನ ಮೇಲಿನ ಪಾರಿವಾಳಗಳು ಊರು ಬಿಟ್ಟವು. "ಕಿಟಕಿ ಇಳೀತು ಕಣ್ರೀ! ಅವರು ಮಾಡಿದ್ದಾರೆ!"

"ಸಮುದ್ರದ ಗಾಳಿಗೆ ಸಡಿಲ ಆಗಿರತ್ತೆ."

"ಯಾವ ಗಾಳಿ ಹೊಸ ತಂತಿ ಹಾಕತ್ತೆ? ಇಲ್ಲಿ ನೋಡಿ." ಅವಳು ಗಾಜು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಮೊಣಕೈಯನ್ನು ಕಿಟಕಿಯ ಮೇಲಿಟ್ಟು, ರಾಣಿ ರಾಜ್ಯ ನೋಡುವ ಹಾಗೆ ಅಂಗಳವನ್ನೆಲ್ಲ ನೋಡಿದಳು. ಆಮೇಲೆ ಆ ಮಾತು ಅಂದಳು: "ಕೈ ಅಂದ್ರೆ ಅದು ಕೈ."

ಆ ನಾಲ್ಕು ಪದ ಸೋಫಾದವನ ಎದೆಯಲ್ಲಿ ನಾಲ್ಕು ಮೊಳೆಗಳಾಗಿ ಇಳಿದವು. ಮದುವೆಯಾದಾಗಿನಿಂದ ಅವನಿಗೆ ಅಡುಗೆ ಬಡಿಸಿದ್ದಾಳೆ, ಬೈದಿದ್ದಾಳೆ, ಜ್ವರ ಬಂದಾಗ ತಲೆ ಒತ್ತಿದ್ದಾಳೆ. ಆದರೆ ಅವನ ಕೈಯನ್ನು ಕೈ ಅಂದಿರಲಿಲ್ಲ. ಉಳಿದ ವಿಶ್ರಾಂತಿಯ ದಿನಗಳಲ್ಲಿ ಅವಳು ಸಾಕ್ಸ್ ಒಣಗಿಸಲು ಕೆಳಗೆ ಹೋದಾಗಲೂ, ಅಂಗಡಿಯಿಂದ ಬಿಸ್ಕತ್ತು ತಂದಾಗಲೂ, ನಡುವೆ ಒಂದು ಸಲ ಕಾರಿಗೆ ಹೋಗಿ ಸರ್ರ್ ಅನ್ನಿಸಿ ಬರುತ್ತಿದ್ದಳು. ಮೇಲಿನ ಕೋಣೆಯಲ್ಲಿ ಮಲಗಿದ್ದ ಗಂಡನಿಗೆ ಪ್ರತಿಯೊಂದು ಸರ್ರ್ ಕೇಳುತ್ತಿತ್ತು. ಕಿವಿಗೆ ದಿಂಬು ಒತ್ತಿದರೂ ಕೇಳುತ್ತಿತ್ತು.

ಎರಡನೆಯ ನಡಿಗೆಯಲ್ಲಿ ಅವನ ಕಣ್ಣಿಗೆ ಕಡಲು ಕಾಣಲಿಲ್ಲ. ಜನ ಜೀವಮಾನ ಕಾದು ನೋಡುವ ಬಂಡೆಗಳು, ಅವುಗಳ ತುದಿಯಲ್ಲಿ ಗೂಡು ಕಟ್ಟಿದ ಬಿಳಿ ಹಕ್ಕಿಗಳು, ಹಸಿರು ನೀರಿನ ಗುಹೆ, ಎಲ್ಲದರ ಮೇಲೂ ಅವನಿಗೆ ಕಂಡದ್ದು ಒಂದು ಏಣಿ ಕೂತು ಕಿಟಕಿ ರಿಪೇರಿ ಮಾಡುತ್ತಿರುವುದು. ಮಧ್ಯದಲ್ಲಿ ಕೀ ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಕಷ್ಟಪಟ್ಟ. ಏಣಿ ಈ ಸಲವೂ ಮುಖ ನೋಡಲಿಲ್ಲ.

ನಡಿಗೆ ಮುಗಿದು ಏಣಿಯ ಕಾರಿನಲ್ಲಿ ಕೂತಾಗ ಸೋಫಾದವನ ಕಣ್ಣು ಹೊಳೆಯಿತು. ಪಕ್ಕದ ಸೀಟಿನ ಹೊಲಿಗೆ ಬಿಟ್ಟು ಒಳಗಿನ ಫೋಮ್ ಇಣುಕುತ್ತಿತ್ತು. ಸೀಟು ನಡುವೆ ಕುಸಿದು, ಕೂತವರ ಮೊಣಕಾಲು ಗಲ್ಲಕ್ಕೆ ತಾಗುವ ಹಾಗಿತ್ತು. ಬೇರೆಯವರಾಗಿದ್ದರೆ ಶಪಿಸುತ್ತಿದ್ದರು. ಅವನು ಲಾಡ್ಜು ತಲುಪುವವರೆಗೂ ಸಿಳ್ಳೆ ಹಾಕಿದ.

ಮಾರನೆಯ ದಿನ ವ್ಯಾನಮ್ಮ ಬಟ್ಟೆಯ ಗಂಟು ಹೊತ್ತು ಲಾಂಡ್ರಿಗೆ ಹೋದದ್ದೇ ತಡ, ಅವನು ಚೀಲದಿಂದ ಡೊಂಕು ಸೂಜಿ ಹೊರತೆಗೆದ. ಬೆಟ್ಟ ಹತ್ತಲಿ, ಕಡಲು ದಾಟಲಿ, ಆ ಸೂಜಿ ಅವನ ಜೊತೆ ಬಿಡುತ್ತಿರಲಿಲ್ಲ. ಪೇಟೆಯಲ್ಲಿ ಅಲೆದು ರೆಕ್ಸಿನ್, ಫೋಮ್, ಮೇಣದ ದಾರ ತಂದ. ಸೀಟನ್ನು ಬಿಚ್ಚಿ ಅಂಗಳದಲ್ಲಿಟ್ಟುಕೊಂಡು ಕೂತ. ಹಳೆಯ ಸ್ಪ್ರಿಂಗುಗಳನ್ನು ಒಂದೊಂದಾಗಿ ಬಿಗಿದ, ಮೂರು ಪದರ ಫೋಮನ್ನು ಮೂರು ಬಗೆಯಲ್ಲಿ ಕತ್ತರಿಸಿ ಜೋಡಿಸಿದ, ಮೇಲೆ ಹೊಲಿಗೆ ಹಾಕಿದ. ಎಂಥ ಹೊಲಿಗೆ! ಇರುವೆ ಆ ಸಾಲಿನ ಮೇಲೆ ನಡೆದರೆ ಎಲ್ಲೂ ಎಡವದೆ, ಹೆಜ್ಜೆ ತಪ್ಪದೆ, ಕವಾಯತು ಮಾಡಬಹುದಿತ್ತು. ಲಾಡ್ಜಿನ ಅಡುಗೆಯವನು ನೋಡಲು ಬಂದು ನಿಂತು, ಒಲೆಯ ಮೇಲಿನ ಹಾಲು ಮರೆತ. ಹಾಲು ಉಕ್ಕಿ ಬೀದಿಗೆ ಹರಿಯಿತು ಎನ್ನುವವರೂ ಇದ್ದಾರೆ.

ಅವನು ಸೀಟನ್ನು ಮತ್ತೆ ಕೂರಿಸಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇವರ ಕಾರು ಬಂತು. ಏಣಿ ಕೀ ಕೊಟ್ಟ, "ಎಲ್ಲಾ ಸರಿಯಾಗಿದೆ ಸಾರ್" ಅಂದ, ಓಡಿದ. ಲಾಂಡ್ರಿಯಿಂದ ಬಂದ ವ್ಯಾನಮ್ಮ ಗಂಟನ್ನು ಕಾರಿನ ಬಾನೆಟ್ ಮೇಲಿಟ್ಟು ಒಳಗೆ ಕೈ ಹಾಕಿ ಹಾರ್ನ್ ಒತ್ತಿದಳು. ಆ ಹಾರ್ನು ವರ್ಷಗಳಿಂದ ಶೀತವಾದ ಕುರಿಯ ಹಾಗೆ 'ಮ್ಯಾ' ಅನ್ನುತ್ತಿದ್ದದ್ದು. ಈಗ ಹಡಗಿನ ಹಾಗೆ ಮೊಳಗಿತು. ಬಂದರಿನಲ್ಲಿದ್ದ ನಿಜವಾದ ಹಡಗೊಂದು ಉತ್ತರ ಕೊಟ್ಟಿತು.

"ಹಾರ್ನೂ ಮಾಡಿದ್ದಾರೆ!" ಅವಳ ಮುಖ ದೀಪದ ಹಾಗೆ ಬೆಳಗಿತು. "ರೀ, ನಾನೊಂದು ಯೋಚನೆ ಮಾಡಿದೀನಿ. ಊರಿಗೆ ಹೋಗುವಾಗ ಅವರನ್ನ ನಮ್ಮನೆಗೆ ಕರ್ಕೊಂಡು ಹೋಗೋಣ. ಒಂದು ವಾರ ಇರಲಿ. ಅಡುಗೆಮನೆ ನಲ್ಲಿ ಸೋರತ್ತೆ, ಬಚ್ಚಲ ಬಾಗಿಲು ಮುಚ್ಚಲ್ಲ, ಮಂಚ ಕಿರುಗುಟ್ಟತ್ತೆ. ಆ ಮೇಜಿನ ಡ್ರಾಯರ್ ತೆಗೆಯೋಕೇ ಬರಲ್ಲ, ಕಾರಿನ ಇನ್ನೊಂದು ಕೀ ಅದರೊಳಗೇ ಕೂತಿದೆ. ಆ ಅಣ್ಣ ಒಂದು ಕೈ ನೋಡಿದ್ರೆ ಎಲ್ಲಾ ಸರಿಹೋಗತ್ತೆ."

ಸೋಫಾದವನ ಕಣ್ಣ ಮುಂದೆ ತನ್ನ ಮನೆ ಬಂತು. ಏಣಿ ನಲ್ಲಿ ತಿರುಗಿಸುತ್ತಾನೆ, ನಿಲ್ಲುತ್ತದೆ. ಬಾಗಿಲು ತಳ್ಳುತ್ತಾನೆ, ಮುಚ್ಚಿಕೊಳ್ಳುತ್ತದೆ. ಮಂಚದ ಮೇಲೆ, ದೇವರೇ, ಕೈಯಿಟ್ಟ ಕೂಡಲೇ ಅದು ಬಾಯಿ ಮುಚ್ಚುತ್ತದೆ. ಆ ಮನೆಯಲ್ಲಿ ಆಮೇಲೆ ತಾನು ಯಾವ ಮೂಲೆಯಲ್ಲಿ ಯಾವ ಮುಖ ಇಟ್ಟುಕೊಂಡು ಕೂರುವುದು? ವಾರ ಕಳೆದು ಏಣಿ ಹೊರಟುಹೋದ ಮೇಲೂ ಪ್ರತಿ ಬಾಗಿಲು, ಪ್ರತಿ ನಲ್ಲಿ, 'ಕೈ ಅಂದ್ರೆ ಅದು ಕೈ' ಅನ್ನುತ್ತಿರುತ್ತದೆ. ಹೇಗಾದರೂ ಮಾಡಿ ಆ ಮನುಷ್ಯ ಮನೆಯ ಹೊಸ್ತಿಲು ತುಳಿಯದ ಹಾಗೆ ನೋಡಿಕೊಳ್ಳಬೇಕು.

"ಕೈ ನೋಡಬೇಕಾ? ಬಾ ಇಲ್ಲಿ, ಕೈ ತೋರಿಸ್ತೀನಿ" ಅಂದು ಅವಳ ರಟ್ಟೆ ಹಿಡಿದು ಆ ಕಾರಿನ ಹತ್ತಿರ ಕರೆದೊಯ್ದು, ಬಾಗಿಲು ತೆರೆದು, ಅರಮನೆಯ ಪರದೆ ಸರಿಸುವವನ ಹಾಗೆ ಕೈ ಚಾಚಿದ. "ನೋಡು. ಮುಟ್ಟು. ಒಂದು ದಿನದಲ್ಲಿ ಮಾಡಿದ್ದು!"

ವ್ಯಾನಮ್ಮ ನೋಡಿದಳು. ಮುಟ್ಟಲಿಲ್ಲ. ಅವಳ ಮುಖದ ದೀಪ ಫಕ್ಕನೆ ಆರಿತು.

"ಈ ಸೀಟಲ್ಲಿ ಯಾರು ಕೂರೋದು?"

"ಯಾರು ಅಂದ್ರೆ... ಅವನು ಓಡಿಸ್ತಾನೆ. ಈ ಕಡೆ ನರ್ಸಮ್ಮ."

"ಓಹೋ."

"ಏನು ಓಹೋ?"

"ನನ್ನ ಸೀಟಿನ ಸ್ಪ್ರಿಂಗು ಚುಚ್ಚಿ ಚುಚ್ಚಿ, ಟವೆಲ್ಲು ಮಡಿಚಿ ಹಾಕ್ಕೊಂಡು ಕೂತು ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ? ಯಾರೋ ನರ್ಸಮ್ಮನ ಸೊಂಟಕ್ಕೆ ಮೂರು ಪದರ ಫೋಮು!" ಅವಳು ಬಟ್ಟೆಯ ಗಂಟು ಎತ್ತಿಕೊಂಡಳು. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಸುಮ್ಮನೆ ಹೇಳ್ತಾರಾ?"

"ಅಯ್ಯೋ ಮಾರಾಯ್ತಿ, ನಾನು ಅವಳಿಗೋಸ್ಕರ ಮಾಡಿದ್ದಲ್ಲ, ಅವನಿಗೆ..."

"ಅವನಿಗೆ ಮಾಡಿದ್ರೆ ಅವನ ಸೀಟು ಹೊಲೀತಿದ್ರಿ."

ಇಟ್ಟಿಗೆ ಗೂಡು ಈಗ ಎರಡಾಯಿತು. ಅವತ್ತಿನಿಂದ ಗಂಡ ಹೆಂಡತಿ ನಡುವೆ ಮಾತು ನಿಂತು, ಬರೀ ಸಾಮಾನು ಹಾದುಹೋಗತೊಡಗಿತು: ಉಪ್ಪಿನ ಡಬ್ಬಿ, ಬ್ಯಾಂಡೇಜು, ಚಹಾದ ಲೋಟ.

ಮೂರನೆಯ ನಡಿಗೆ ಎಲ್ಲಕ್ಕಿಂತ ಉದ್ದದ್ದು. ವ್ಯಾನಮ್ಮ ಮುಂದೆ, ಅವನು ಹಿಂದೆ; ನಡುವಿನ ಅಂತರದಲ್ಲಿ ಒಂದು ಸಣ್ಣ ಊರು ಕಟ್ಟಬಹುದಿತ್ತು. ಕೊನೆಗೆ ಮಧ್ಯದ ಗುಡಿಸಲ ಹತ್ತಿರ ಆ ಜೋಡಿ ಎದುರಾಯಿತು. ನರ್ಸಮ್ಮ ದೂರದಿಂದಲೇ ಎರಡೂ ಕೈ ಎತ್ತಿ ಬಂದಳು.

"ಅಣ್ಣಾ! ಎಂಥ ಸೀಟು ಅಣ್ಣಾ! ಇಪ್ಪತ್ತು ವರ್ಷದ ಸೊಂಟನೋವು, ಡಾಕ್ಟರಿಗೆ ಆಗದ್ದು ನಿಮ್ಮ ಸೂಜಿಗೆ ಆಯ್ತು. ನಾನು ಲಾಡ್ಜಲ್ಲಿ ಹಾಸಿಗೆ ಬಿಟ್ಟು ಕಾರಲ್ಲೇ ಮಲಗ್ತೀನಿ ಅಂದೆ, ಕೇಳಿ ಇವರನ್ನ! ಇವರಿಗೂ ಕೈ ಇದೆ, ಎರಡಿದೆ, ಅಂಗಿ ತೋಳಿಗೆ ಆಧಾರ ಅಂತ."

ಏಣಿಯ ಮುಖ ಕಪ್ಪಿಟ್ಟಿತು. ಸೋಫಾದವನ ಎದೆ ಉಬ್ಬಿ ಅಂಗಿಯ ಗುಂಡಿಯೊಂದು ಹಾರಿ ಸಮುದ್ರ ಸೇರಿತು. ಇದನ್ನೆಲ್ಲ ನೋಡುತ್ತಿದ್ದ ವ್ಯಾನಮ್ಮ ಸುಮ್ಮನಿರುತ್ತಾಳೆಯೇ? ಸಕ್ಕರೆಗೆ ಇನ್ನಷ್ಟು ಸಕ್ಕರೆ ಬೆರೆಸಿ ಅಂದಳು: "ಹಾಗನ್ಬೇಡಿ ಅಕ್ಕಾ. ನಿಮ್ಮವರ ಕೈ ಏನು ಸಾಮಾನ್ಯವಾ? ನಮ್ಮ ಕಿಟಕಿ, ನಮ್ಮ ಹಾರ್ನು! ಹೇಳದೆ ಕೇಳದೆ, ಡಂಗುರ ಹೊಡೀದೆ ಮಾಡಿಕೊಟ್ರು. ಕೆಲವರು ಮಾಡೋದು ಕಡಿಮೆ, ಮೆರೆಯೋದೇ ಜಾಸ್ತಿ. ನೀವು ಪುಣ್ಯವಂತರು."

"ಇವರಾ?" ನರ್ಸಮ್ಮ ಕತ್ತೆತ್ತಿ, ಇನ್ನೂ ಎತ್ತಿ, ಗಂಡನ ಮುಖ ನೋಡಿದಳು. "ಇವರು ಮಾಡಿದ್ರಾ?" ಏಣಿ ಬೆವರಿದ. ಬಂಡೆಯಿಂದ ಇಳಿಯುವ ತೊರೆಗೆ ಅವತ್ತು ನೀರು ಜಾಸ್ತಿಯಾದದ್ದು ಅದರಿಂದಲೇ.

"ಹೊತ್ತಾಯ್ತು" ಅಂದ ಏಣಿ. "ಹೌದು, ಹೊತ್ತಾಯ್ತು" ಅಂದ ಸೋಫಾದವನು. ಇಬ್ಬರು ಗಂಡಸರೂ ಬೆನ್ನು ತಿರುಗಿಸಿ ದಾಪುಗಾಲು ಹಾಕಿದರು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ಮೂಗು ಮುರಿದು, ಅವರ ಹಿಂದೆ ನಡೆದರು.

ನಡಿಗೆಯ ತುದಿ ಒಂದು ಭೂಶಿರ: ಚಹಾದಂಗಡಿ, ಅದರ ಮೇಲೆ ಬಾಡಿಗೆಗೆ ಒಂದು ಕೋಣೆ, ಮುಂದೆ ಆ ಜೋಡಿಯ ಕಾರು. ಸೋಫಾದವನು ಕಾರಿನ ಹತ್ತಿರ ಬಂದು ಕುತ್ತಿಗೆಯ ದಾರ ಎಳೆದ. ಕೀ ಬಂತು. ಬೀಗಕ್ಕೆ ಹಾಕಿದ. ಹೋಗಲಿಲ್ಲ. ತಿರುಗಿಸಿ ಹಾಕಿದ. ಕೀ ನೋಡಿದ. ಕಾರು ನೋಡಿದ. ಅವನ ಕೈಯಲ್ಲಿದ್ದದ್ದು ಅವನದೇ ಕಾರಿನ ಕೀ.

ಅಷ್ಟೆಲ್ಲ ಮಾತಾಡಿದ ನಾಲ್ಕು ಜನರಲ್ಲಿ ಒಬ್ಬರಿಗೂ ಕೀ ಬದಲಾಯಿಸುವುದು ನೆನಪಾಗಿರಲಿಲ್ಲ.

"ಏನಾಯ್ತು?" ಅಷ್ಟು ದಿನಗಳ ಮೇಲೆ ವ್ಯಾನಮ್ಮ ಅವನಿಗೆ ಆಡಿದ ಮೊದಲ ಮಾತು.

ಅವನು ಕೀ ತೋರಿಸಿದ. ಅವಳು ನಕ್ಕಿದ್ದರೆ ಅವನು ಬದುಕುತ್ತಿದ್ದ. ನಗಲಿಲ್ಲ. ಫೋನ್ ತೆಗೆದು ನರ್ಸಮ್ಮನಿಗೆ ಹಚ್ಚಿದಳು. ಆ ಕಡೆಯವರೂ ಇನ್ನೊಂದು ತುದಿಯಲ್ಲಿ ಇವರ ಕಾರಿನ ಮುಂದೆ ಇದೇ ಸ್ಥಿತಿಯಲ್ಲಿದ್ದರು.

"ಅಕ್ಕಾ, ನಿಮ್ಮವರನ್ನ ವಾಪಸ್ ಕಳಿಸಿ. ಇಲ್ಲಿಂದ ನಮ್ಮವರನ್ನ ಅಟ್ಟುತೀನಿ. ಮಧ್ಯದಲ್ಲಿ ಸೇರ್ಕೊಳ್ಳಲಿ. ಹ್ಞಾಂ... ಹೌದು, ಕಾಲು ನೋವಿದ್ರೆ ಇರಲಿ, ತಲೆಗೆ ಬುದ್ಧಿ ಬರತ್ತೆ." ಫೋನ್ ಇಟ್ಟು ಗಂಡನ ಕಡೆ ತಿರುಗಿದಳು. "ಕೀ ಜವಾಬ್ದಾರಿ ಯಾರದು ಅಂದಿದ್ರಿ?"

ಹೊರಟ. ಆ ದಾರಿಯಲ್ಲಿ ಅವನು ಪಟ್ಟ ಪಾಡು ಬರೆಯಲು ಕಡಲಿನ ನೀರಷ್ಟು ಶಾಯಿ ಬೇಕು. ಬೊಬ್ಬೆಯ ಮೇಲೆ ಬೊಬ್ಬೆ ಎದ್ದು ಅವನ ಎತ್ತರವೇ ಒಂದು ಗೇಣು ಹೆಚ್ಚಿತು. ಒಂದೊಂದು ಹೆಜ್ಜೆಗೂ ಏಣಿಗೆ ಒಂದೊಂದು ಬೈಗುಳ ಹುಡುಕಿಟ್ಟುಕೊಂಡ. ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಬೇಕು: ನನ್ನ ಕಾರಿನ ತಂಟೆಗೆ ಬರಬೇಡ, ನನ್ನ ಹೆಂಡತಿ ಕರೆದರೂ ನಮ್ಮನೆಗೆ ಬರಬೇಡ.

ಗುಡಿಸಲ ಕಟ್ಟೆಯ ಮೇಲೆ ಏಣಿ ಆಗಲೇ ಬಂದು ಕೂತಿದ್ದ, ಶೂ ಬಿಚ್ಚಿ, ಕಾಲು ಅಂಗಳದ ಆಚೆ ದಡಕ್ಕೆ ಚಾಚಿಕೊಂಡು. ಸೋಫಾದವನನ್ನು ಕಂಡದ್ದೇ ಎದ್ದು ಕೈ ಮುಗಿದ. ಬೈಗುಳದ ಮೂಟೆ ಬಿಚ್ಚುವ ಮೊದಲೇ ಅವನು ಮಾತಾಡತೊಡಗಿದ, ಅಣೆಕಟ್ಟು ಒಡೆದ ಹಾಗೆ.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ನನ್ನ ಹೆಂಡತಿಗೆ ಹೇಳ್ಬೇಡಿ. ಕಿಟಕಿ ನಾನು ಬೇಕಂತ ಕೆಡಿಸಿದ್ದಲ್ಲ. ಸುಮ್ಮನೆ ಗುಂಡಿ ಒತ್ತಿದೆ ಸಾರ್, ಇಳೀಲೇ ಇಲ್ಲ. ನಾನು ಮುಟ್ಟಿದ್ದೆಲ್ಲ ಮುರಿಯತ್ತೆ ಅಂತ ಇವಳು ಯಾವಾಗ್ಲೂ ಅಂತಾಳೆ. ಪರರ ಕಾರು ಬೇರೆ. ಇವಳು ಸೋಪು ತರ್ತೀನಿ ಅಂತ ಪೇಟೇಲಿ ಇಳಿದಾಗ ಗ್ಯಾರೇಜಿಗೆ ಓಡಿಸ್ಕೊಂಡು ಹೋಗಿ ಸರಿ ಮಾಡಿಸಿದೆ. ಎರಡನೇ ಸಲ ಒಂದು ನಾಯಿ ಅಡ್ಡ ಬಂತು, ಹಾರ್ನ್ ಒತ್ತಿದೆ, 'ಮ್ಯಾ' ಅಂತು. ನನ್ನ ಎದೆಯೇ ನಿಂತುಹೋಯ್ತು ಸಾರ್. ಮತ್ತೆ ಗ್ಯಾರೇಜು."

ಸೋಫಾದವನು ಕಟ್ಟೆಯ ಮೇಲೆ ಕುಸಿದ. "ನೀನು... ನೀವು ಕೈಯಾರೆ ಮಾಡಿದ್ದಲ್ವಾ?"

"ನನಗೆ ಮೊಳೆ ಹೊಡೆಯೋಕೂ ಬರಲ್ಲ ಸಾರ್. ನಿಮ್ಮ ಮುಖ ನೋಡೋಕೇ ಭಯ ಆಗ್ತಿತ್ತು, ಎಲ್ಲಿ ಕೇಳಿಬಿಡ್ತೀರೋ ಅಂತ." ಏಣಿ ಮೂಗು ಒರೆಸಿಕೊಂಡ. "ಆದ್ರೆ ನಿಮ್ಮ ಯಜಮಾನಿ ಇವಳ ಮುಂದೆ ನನ್ನನ್ನ ಹೊಗಳಿದ್ರಲ್ಲ, ಅವತ್ತಿಡೀ ಇವಳು ನನ್ನ ಬ್ಯಾಗ್ ಹೊತ್ಕೊಂಡು ನಡೆದ್ಲು ಸಾರ್. ಮದುವೆಯಾದ ಮೇಲೆ ಇದೇ ಮೊದಲು." ಮತ್ತೆ ಬೇರೆಯದೇ ದನಿಯಲ್ಲಿ ಅಂದ: "ನಿಮ್ಮ ಸೀಟು ಮಾತ್ರ ನನ್ನ ಜೀವ ತೆಗೀತಿದೆ. ದಿನಾ ಅದರದೇ ಭಜನೆ."

ಸೋಫಾದವನು ಬಹಳ ಹೊತ್ತು ಕಡಲು ನೋಡಿದ; ಈ ಪ್ರವಾಸದಲ್ಲಿ ಮೊದಲ ಸಲ. ನಿಜ ಹೇಳಬೇಕೆಂದರೆ ಅವನಿಗೆ ಕನಿಕರವೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಎರಡನ್ನೂ ಮುಚ್ಚಿಟ್ಟುಕೊಂಡು ಕೀ ಬದಲಾಯಿಸಿದ. "ನರ್ಸಮ್ಮಂಗೆ ಹೇಳಲ್ಲ, ಮಾತು ಕೊಡ್ತೀನಿ" ಅಂದ. ತನ್ನ ಹೆಂಡತಿಗೆ ಹೇಳುವುದಿಲ್ಲ ಎಂದು ಅವನು ಅಂದಿಲ್ಲ ಎಂಬುದನ್ನು ಗಮನಿಸಬೇಕು.

ವಾಪಸು ಬರುವಾಗ ಕಾಲು ನೆಲಕ್ಕೆ ತಾಗಲೇ ಇಲ್ಲ. ಗ್ಯಾರೇಜು! ಒಂದೇ ಒಂದು ಪದ ಹೇಳಿದರೆ ಏಣಿ ನೆಲಕ್ಕೆ. ಚಹಾದಂಗಡಿಯ ಮುಂದೆ ಬೆಂಚಿನ ಮೇಲೆ ಕೂತಿದ್ದ ವ್ಯಾನಮ್ಮನನ್ನು ಕಂಡಾಗ ಅವನು ದಾರಿಯುದ್ದಕ್ಕೂ ಹೊಳಪು ಕೊಟ್ಟಿಟ್ಟ ಪೀಠಿಕೆಯನ್ನೆಲ್ಲ ಮರೆತು ಒದರಿದ: "ಅವನು ಮಾಡಿದ್ದಲ್ಲ ಕಣೇ! ಗ್ಯಾರೇಜಲ್ಲಿ ಮಾಡಿಸಿದ್ದು! ಎರಡೂ!"

"ಗೊತ್ತು" ಅಂದಳು ವ್ಯಾನಮ್ಮ.

ಸಮುದ್ರ ಒಂದು ಕ್ಷಣ ಅಲೆ ಹೊಡೆಯುವುದನ್ನು ನಿಲ್ಲಿಸಿತು.

"ಗೊತ್ತು ಅಂದ್ರೆ?"

"ಇಷ್ಟು ವರ್ಷ ವ್ಯಾನ್ ಓಡಿಸಿದವಳಿಗೆ ಗ್ಯಾರೇಜಿನ ಕೆಲಸ ಗೊತ್ತಾಗಲ್ವಾ? ಅವರು ಸುತ್ತೋ ಟೇಪು ನೋಡಿದ್ರೇ ಹೇಳ್ತೀನಿ."

"ಮತ್ತೆ ಕೈ ಅಂದ್ರೆ ಅದು ಕೈ ಅಂತ..."

"ನಿಮಗೆ ಕೇಳಿಸ್ಲಿ ಅಂತ." ಅವಳು ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. "ಸ್ವಲ್ಪ ಉರೀಲಿ, ಉರಿದ್ರೆ ನನ್ನ ಸೀಟು ಒಂದಾದ್ರೂ ಹೊಲೀತೀರಿ ಅಂದ್ಕೊಂಡೆ. ಚಾಟಿ ಬೀಸಿದ್ರೆ ನಮ್ಮ ಎತ್ತು ಹೋಗಿ ಪಕ್ಕದವರ ಹೊಲ ಉತ್ತು ಬಂತು!"

ಅವಳ ಕಣ್ಣು ಒದ್ದೆಯಾಗಿತ್ತು, ಅದು ಗಾಳಿಗಲ್ಲ. ಇಷ್ಟು ದಿನ ತನ್ನ ಹೊಟ್ಟೆಯ ಬೆಂಕಿಯೇ ಲೋಕದಲ್ಲಿ ದೊಡ್ಡದೆಂದು ಬೀಗಿದ್ದವನಿಗೆ, ಈ ಹೆಂಗಸು ಅದಕ್ಕಿಂತ ದೊಡ್ಡದನ್ನು ಸದ್ದಿಲ್ಲದೆ ಹೊತ್ತು ನಡೆದಿದ್ದಾಳೆಂದು ಹೊಳೆಯಿತು.

ಲಾಡ್ಜಿಗೆ ಹೊರಟಾಗ ಅವಳು ಓಡಿಸಿದಳು. ಅವನು ತಾನು ಹೊಲಿದ ಸೀಟಿನಲ್ಲಿ ಕೂತ. ತನ್ನ ಕೆಲಸದ ಮೇಲೆ ತಾನು ಕೂತದ್ದು ಅದೇ ಮೊದಲು. ಮೋಡ ಅದಕ್ಕಿಂತ ಗಡುಸು. ಅವನ ಸೊಂಟ, ಬೆನ್ನು, ಬೊಬ್ಬೆಗಳು ಕೂಡ ಆನಂದದಿಂದ ನಿಟ್ಟುಸಿರು ಬಿಟ್ಟವು. ಆದರೆ ಮುಖವನ್ನು ಮುಳ್ಳಿನ ಮೇಲೆ ಕೂತವನ ಹಾಗೆ ಮಾಡಿಕೊಂಡ.

"ಹೇಗಿದೆ?"

"ಅಷ್ಟೇನೂ ಇಲ್ಲ. ಒಂಚೂರು ಚುಚ್ಚತ್ತೆ."

ಅವಳು ಕಾರು ನಿಲ್ಲಿಸಿದಳು. "ಈ ಕಡೆ ಬನ್ನಿ. ನೀವು ಓಡಿಸಿ."

ಅವಳು ಪಕ್ಕದ ಸೀಟಿನಲ್ಲಿ ಕೂತಳು. ಹಿಂದಕ್ಕೆ ಒರಗಿದಳು. ಮೈಲಿಗಲ್ಲುಗಳು ಹೋದವು. ಒಂದು ಸಲ ಬೆರಳ ತುದಿಯಿಂದ ಹೊಲಿಗೆಯ ಸಾಲನ್ನು ಉದ್ದಕ್ಕೂ ಸವರಿದಳು. ಅವನು ರಸ್ತೆ ನೋಡುವ ಬದಲು ಅವಳ ಬೆರಳು ನೋಡಿ ಎರಡು ಸಲ ಹಳ್ಳಕ್ಕೆ ಇಳಿಸಿದ.

"ಚೆನ್ನಾಗಿದೆ" ಅಂದಳು ಕೊನೆಗೆ, ಹಲ್ಲು ನೋವಿನವರು ಒಪ್ಪಿಕೊಳ್ಳುವ ಹಾಗೆ. "ಅದಕ್ಕೇ ಸಿಟ್ಟು ಬರ್ತಿರೋದು."

ಕೊನೆಯ ಲಾಡ್ಜಿನ ಅಂಗಳದಲ್ಲಿ ತಮ್ಮ ಕಾರು ವಾಪಸು ಬಂದು ನಿಂತದ್ದೇ, ಅವನು ಸ್ನಾನ ಮಾಡಲಿಲ್ಲ, ಊಟ ಕೇಳಲಿಲ್ಲ. ಓಡಿಸುವವರ ಸೀಟು ಬಿಚ್ಚಿದ. ಮಡಿಚಿದ ಟವೆಲ್ಲು ಅದರ ಮೇಲೆ ಸೀಟಿನದೇ ಒಂದು ಭಾಗವಾಗಿ ಅಂಟಿಕೊಂಡಿತ್ತು. ಕೆಳಗೆ ತುಕ್ಕು ಹಿಡಿದ ಸ್ಪ್ರಿಂಗು, ಬೆರಳಿಗೆ ತಾಗಿ ರಕ್ತ ಬಂತು. ಅವನು ಬೆರಳನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಟವೆಲ್ಲನ್ನು ಬಿಡಿಸಿ ಪಕ್ಕಕ್ಕಿಟ್ಟ.

ವ್ಯಾನಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಮೇಲ್ವಿಚಾರಣೆಗೆ ಕೂತಳು. "ಅವಳದಕ್ಕೆ ಎಷ್ಟು ಸಾಲು ಹೊಲಿಗೆ?"

"ಒಂದು."

"ನನ್ನದಕ್ಕೆ ಎರಡು."

"ಎರಡು ಬೇಕಿಲ್ಲ ಕಣೇ. ಒಂದೇ ಸಾಲು, ನೂರು ವರ್ಷ ಗಟ್ಟಿ ಇರತ್ತೆ."

"ಗಟ್ಟಿ ಕೇಳಿದ್ನಾ ನಾನು?"

ಎರಡು ಸಾಲು ಬಿದ್ದವು. ಒಂದರ ಪಕ್ಕ ಒಂದು, ರೈಲಿನ ಹಳಿಯ ಹಾಗೆ. ಕೆಲಸ ಮುಗಿಯುವ ಹೊತ್ತಿಗೆ ನರ್ಸಮ್ಮ ಸೋಪಿನ ಡಬ್ಬಿ ಹಿಡಿದು ಅಂಗಳಕ್ಕೆ ಬಂದಳು, ಹಿಂದೆ ಏಣಿ. ಅವನ ಕಣ್ಣು ಸೋಫಾದವನನ್ನು ಕೇಳುತ್ತಿತ್ತು, ಸೋಫಾದವನ ಕಣ್ಣು ಸೂಜಿಯಲ್ಲಿ ಅಡಗಿಕೊಂಡಿತ್ತು.

"ಅಣ್ಣಾ, ಈ ಹಾರ್ನು ದಾರಿ ಉದ್ದಕ್ಕೂ ನಮ್ಮನ್ನ ಕಾಪಾಡತ್ತೆ" ಅಂದಳು ವ್ಯಾನಮ್ಮ, ಏಣಿಯನ್ನು ನೇರ ನೋಡಿ. "ಮನೆಗೆ ಕರೀಬೇಕು ಅಂತಿದ್ದೆ. ಈಗ ಬೇಡ ಬಿಡಿ, ನಮ್ಮನೇಲಿ ಕೆಲಸದವರಿದ್ದಾರೆ."

ಏಣಿಯ ಬೆನ್ನು ನೆಟ್ಟಗಾಗಿ ಇನ್ನೂ ಒಂದು ಮೊಳ ಎತ್ತರವಾಯಿತು. ಆದರೆ ನರ್ಸಮ್ಮ ಗಂಡನ ಕಡೆ ನೋಡುತ್ತಿರಲಿಲ್ಲ. ಅವಳ ಕಣ್ಣು ಸೀಟಿನ ಮೇಲೆ ನೆಟ್ಟಿತ್ತು. "ಎರಡು ಸಾಲು?" ಅಂದಳು ಮೆಲ್ಲಗೆ. ಸೋಪಿನ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ನಮ್ಮದಕ್ಕೆ ಒಂದೇ ಅಲ್ವಾ ಅಣ್ಣಾ ಹಾಕಿದ್ದು?"

ವ್ಯಾನಮ್ಮ ಆಗಲೇ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬೆನ್ನನ್ನು ಅತ್ತ ಇತ್ತ ಒರೆಸಿ ಜಾಗ ಮಾಡಿಕೊಂಡಿದ್ದಳು. ಒಂದು ಕಣ್ಣು ಮಾತ್ರ ತೆರೆದು, ಜೇನು ಸುರಿಯುವ ದನಿಯಲ್ಲಿ ಕೇಳಿದಳು:

"ಕೂತು ನೋಡ್ತೀರಾ ಅಕ್ಕಾ? ಒಂದೇ ನಿಮಿಷ, ಮತ್ತೆ ಎದ್ದುಬಿಡಬೇಕು."